ಬ್ರಹ್ಮಾಂಡದಲ್ಲಿ ಕಳೆದ ಬೀಗ

ಊರಿನ ಅಂಚಿನಲ್ಲಿ, ಹಿಂದೆ ಇಟ್ಟಿಗೆ ಗೂಡುಗಳಿದ್ದ ಬಯಲಿನಲ್ಲಿ, ಒಂದು ಮಾಲ್ ಎದ್ದಿತು. ಎದ್ದಿತು ಎನ್ನುವುದಕ್ಕಿಂತ ಏಳುತ್ತಲೇ ಇತ್ತು ಎನ್ನುವುದು ವಾಸ್ತವಕ್ಕೆ ಹತ್ತಿರ. ಅರ್ಧ ಮುಗಿದಾಗಲೇ ಉದ್ಘಾಟನೆಯಾಯಿತು. ಉಳಿದರ್ಧ ಬಣ್ಣದ ಹಲಗೆಗಳ ಹಿಂದೆ ತನ್ನ ಪಾಡಿಗೆ ಧೂಳು ಕುಡಿಯುತ್ತ ಕೂತಿತು. ಒಳಗೆ ಸಮುದ್ರವಿದೆ, ಹಿಮವಿದೆ, ಆಕಾಶವೂ ಇದೆ ಎಂದು ಜಾಹೀರಾತು ಸಾರುತ್ತಿತ್ತು. ಹೊರಗೂ ಒಂದು ಆಕಾಶವಿತ್ತು. ಆದರೆ ಅದಕ್ಕೆ ಜಾಹೀರಾತು ಇರಲಿಲ್ಲವಾದ್ದರಿಂದ ಜನ ಅಷ್ಟಾಗಿ ತಲೆಯೆತ್ತಿ ನೋಡುತ್ತಿರಲಿಲ್ಲ. ಮಾಲಿಗೆ ಉದ್ದನೆಯ ಹೆಸರೊಂದಿತ್ತು. ನಮ್ಮ ಬೀದಿಯವರು ಅದನ್ನು ‘ಬ್ರಹ್ಮಾಂಡ’ ಎಂದು ಕರೆದು ಮುಗಿಸಿದರು.

ನಮ್ಮ ಬೀದಿಯ ಕನ್ನಡಕದ ಅಂಗಡಿಯವರಿಗೂ ಹೆತ್ತವರಿಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಯಾರು ಏನು ಹೇಳಹೊರಟರೂ ಮೊದಲ ಪದ ಮುಗಿಯುವ ಮುನ್ನವೇ “ಗೊತ್ತು, ಗೊತ್ತು” ಎನ್ನುವ ಅಭ್ಯಾಸದಿಂದ ಅವರಿಗೆ ಗೊತ್ತಪ್ಪನವರು ಎಂಬ ಹೆಸರೇ ನಿಂತುಹೋಯಿತು. ‘ಗೊತ್ತಿಲ್ಲ’ ಎಂಬ ಪದ ಅವರ ನಿಘಂಟಿನಲ್ಲಿ ಇರಲಿಲ್ಲವೆಂದಲ್ಲ. ಆ ಪುಟ ಮಾತ್ರ ಅಂಟಿಕೊಂಡಿತ್ತು.

ಒಂದು ದಿನ ಪಕ್ಕದ ಅಂಗಡಿಯ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದ.

“ಬ್ರಹ್ಮಾಂಡ ನೋಡಿದ್ರಾ ಸ್ವಾಮಿ?”

“ನೋಡೋದೇನು ಬಂತು. ಅಂಗೈ ಗೆರೆ ಇದ್ದ ಹಾಗೆ ಗೊತ್ತು.”

“ಅಂಗೈ ಗೆರೆ ಯಾರಿಗೆ ತಾನೇ ಸರಿಯಾಗಿ ಗೊತ್ತಿರುತ್ತೆ,” ಎಂದ ದರ್ಜಿ.

ಮಾತು ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ದರ್ಜಿಯ ಅಂಗಡಿಯಲ್ಲಿ ಹುಟ್ಟಿದ ಮಾತು ಅಳತೆ ಕೊಟ್ಟ ಬಟ್ಟೆಯಂತಲ್ಲ, ಕೇಳುವ ಮೊದಲೇ ಮನೆ ತಲುಪುತ್ತದೆ. ಅದು ಬೀದಿ ದಾಟಿ, ಸಂತೆ ದಾಟಿ, ಹೋಗಬಾರದ ಕಿವಿಗೇ ಹೋಗಿ ಬಿತ್ತು.

ಗೊತ್ತಪ್ಪನವರ ಒಬ್ಬಳೇ ಮಗಳು ಕೃತಕ ದಂತಪಂಕ್ತಿ ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಅಚ್ಚಿನಲ್ಲಿ ಹಲ್ಲು ಜೋಡಿಸುವ ಹುಡುಗನೂ ಅವಳೂ ಎದುರುಬದುರು ಕೂತು, ಊರವರ ನಗುವನ್ನು ಹೊಂದಿಸುತ್ತ ಹೊಂದಿಸುತ್ತ, ತಮ್ಮದನ್ನೂ ಹೊಂದಿಸಿಕೊಂಡುಬಿಟ್ಟಿದ್ದರು. ಉಳಿದದ್ದು ಹುಡುಗನ ತಂದೆಯ ಒಪ್ಪಿಗೆ. ಅವರು ನಿವೃತ್ತ ಸ್ಟೇಷನ್ ಮಾಸ್ತರರು. ಹೇಳಿದ ಹೊತ್ತಿಗೆ ಹೇಳಿದ ಕಡೆ ಇರದ ಮನುಷ್ಯನನ್ನು ತಡವಾದ ರೈಲಿಗಿಂತ ಕೀಳಾಗಿ ಕಾಣುವವರು. ದೊಡ್ಡ ಮಗನಿಗೆ ಬಂದ ಒಂದು ಒಳ್ಳೆಯ ಸಂಬಂಧವನ್ನು, ಹುಡುಗಿಯ ತಂದೆ ‘ಐದೇ ನಿಮಿಷ’ ಎಂದು ಹೋಗಿ ಮಧ್ಯಾಹ್ನಕ್ಕೆ ಬಂದನೆಂಬ ಕಾರಣಕ್ಕೆ ಕೈಬಿಟ್ಟಿದ್ದರು.

ಮಾಸ್ತರರು ಫೋನಿನಲ್ಲಿ ಹೇಳಿದರು: “ಮನೆಗೆ ಬಂದು ನೋಡೋದೇನಿದೆ. ಎಲ್ಲರ ಮನೆಯಲ್ಲೂ ಗೋಡೆ ಇರುತ್ತೆ. ಆ ಹೊಸ ಮಾಲ್ ನಿಮಗೆ ಅಂಗೈ ಗೆರೆ ಇದ್ದ ಹಾಗಂತೆ. ನಮ್ಮ ಮನೆಯವಳಿಗೆ ನೋಡೋ ಆಸೆ. ಭಾನುವಾರ ಅಲ್ಲೇ ಸೇರೋಣ. ಜೊತೆಗೆ ನಾಲ್ಕು ಹೆಜ್ಜೆ ನಡೆದ್ರೆ ಮನುಷ್ಯ ಎಂಥವನು ಅಂತ ತಿಳಿಯುತ್ತೆ.”

“ಗೊತ್ತು ಸರ್, ಗೊತ್ತು,” ಎಂದರು ಗೊತ್ತಪ್ಪನವರು.

ಫೋನಿಟ್ಟ ಮೇಲೆ ಮಗಳು ಎದುರಿಗೆ ಬಂದು ನಿಂತಳು. “ಅಪ್ಪ, ನೀನು ಒಂದು ಸಲಾನೂ ಅಲ್ಲಿಗೆ ಕಾಲಿಟ್ಟಿಲ್ಲ.”

“ಹೋಗೋದು ಬೇರೆ, ಗೊತ್ತಿರೋದು ಬೇರೆ.”

“ಅವರು ಬೇಡ ಅಂದ್ರೆ ಇವನು ಅವರ ಮಾತು ಮೀರಲ್ಲ. ಮೀರು ಅಂತ ನಾನೂ ಹೇಳಲ್ಲ. ಅಷ್ಟು ನೆನಪಿಟ್ಕೊಂಡು ಮಾತಾಡು.”

ಗೊತ್ತಪ್ಪನವರ ಅಕ್ಕನೂ ದೂರದಿಂದಲೇ ಒಂದು ಉಪದೇಶ ಕಳಿಸಿದರು. “ಮಾತು ಪಕ್ಕಾ ಆಗೋ ತನಕ ಅವರನ್ನ ಬೀಗರು ಗೀಗರು ಅಂತ ಕರೀಬೇಡ ಕಣೋ. ಹೆಣ್ಣಿನ ಕಡೆಯವರಿಗೆ ಆತುರ ಅಂದ್ಕೋತಾರೆ. ನಾಲಿಗೆ ತುದಿಗೆ ಬಂದ್ರೂ ನುಂಗ್ಕೊ.” ಒಂದು ಅಕ್ಷರವನ್ನು ನುಂಗಿದರೆ ಸಂಸಾರದಲ್ಲಿ ಏನೇನು ಉಂಟಾಗಬಹುದೆಂದು ಆ ಹಿರಿಯ ಜೀವ ಯೋಚಿಸಿರಲಿಲ್ಲ.

ಭಾನುವಾರ ನಾಲ್ವರೂ ಬ್ರಹ್ಮಾಂಡದ ಬಾಗಿಲಲ್ಲಿ ಸೇರಿದರು. ಮಾಸ್ತರರು ಗಿಡ್ಡಗೆ, ದಪ್ಪಗೆ, ಬೂದು ಕೋಟಿನಲ್ಲಿದ್ದರು. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಅವರ ಪತ್ನಿ ತೆಳ್ಳಗೆ, ಬಹಳ ವರ್ಷಗಳಿಂದ ಇನ್ನೊಬ್ಬರ ಮಾತು ಮುಗಿಯಲೆಂದು ಕಾದವರ ಮುಖಭಾವದಲ್ಲಿದ್ದರು. ಗೊತ್ತಪ್ಪನವರ ಮಡದಿ ಗಂಡನ ತೋಳು ಹಿಡಿದೇ ನಡೆಯುತ್ತಿದ್ದರು. ಅವರ ಕನ್ನಡಕ ದುರಸ್ತಿಗೆಂದು ಗಂಡನ ಅಂಗಡಿ ಸೇರಿ ವರ್ಷವಾಗುತ್ತ ಬಂದಿತ್ತು. ಸ್ವಂತದವರ ಕೆಲಸ ಎಂದಿಗೂ ಸರದಿಗೆ ಬರುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಅವರು ಬಟ್ಟೆಯಂಗಡಿಯ ಗೊಂಬೆಯೊಂದಕ್ಕೆ “ಸ್ವಲ್ಪ ದಾರಿ ಬಿಡಿಯಮ್ಮ” ಎಂದರು.

ಒಳಗಿನ ಆಕಾಶ ನಿಜಕ್ಕೂ ಚೆನ್ನಾಗಿತ್ತು. ಗಂಟೆಗೊಮ್ಮೆ ಅಲ್ಲಿ ಬೆಳಗಾಗುತ್ತಿತ್ತು, ಗಂಟೆಗೊಮ್ಮೆ ಸಂಜೆಯಾಗುತ್ತಿತ್ತು. ಯಾವ ಹಕ್ಕಿಯೂ ಗೂಡಿಗೆ ಹೊರಡುತ್ತಿರಲಿಲ್ಲ. ಮಾಸ್ತರರು ಪ್ರತಿ ಸಂಜೆಗೂ ತಮ್ಮ ಗಡಿಯಾರ ನೋಡಿಕೊಂಡು ಹುಬ್ಬು ಗಂಟಿಕ್ಕಿದರು. ಸಮುದ್ರದ ದಡದಲ್ಲಿ ‘ಮರಳನ್ನು ಮುಟ್ಟಬಾರದು’ ಎಂದು ಬರೆದಿತ್ತು. ಅಲೆಗಳ ಮೊರೆತ ಕಂಬಗಳಿಗೆ ಸಿಕ್ಕಿಸಿದ ಡಬ್ಬಿಗಳಿಂದ ಬರುತ್ತಿತ್ತು. ಹಿಮದ ಕೋಣೆಯ ಬಾಗಿಲಿಗೆ ‘ತಾಂತ್ರಿಕ ಕಾರಣಗಳಿಂದ ಇಂದು ಹಿಮ ಬೀಳುವುದಿಲ್ಲ’ ಎಂಬ ಫಲಕ ತೂಗುತ್ತಿತ್ತು.

“ಎಷ್ಟು ಹೊತ್ತಿಗೆ ಬೀಳಬೇಕಾಗಿತ್ತು?” ಎಂದರು ಮಾಸ್ತರರು.

“ಗೊತ್ತಿರೋ ವಿಷಯವೇ ಸರ್. ಮೋಟರ್. ಇಲ್ಲಿ ಎಲ್ಲದಕ್ಕೂ ಹಿಂದುಗಡೆ ಒಂದು ಮೋಟರ್ ಇರುತ್ತೆ,” ಎಂದರು ಗೊತ್ತಪ್ಪನವರು.

ಚಲಿಸುವ ಮೆಟ್ಟಿಲುಗಳು ಮೇಲಕ್ಕೆ ಹೋಗುವುದನ್ನು ಮಾತ್ರ ಕಲಿತಿದ್ದವು. ಇಳಿಯುವ ಮೆಟ್ಟಿಲು ಇನ್ನೂ ಬರಬೇಕಿತ್ತು. ಇಳಿಯಬೇಕಾದವರು ಒಂದು ಸೋಫಾ ಅಂಗಡಿಯ ಮೂಲಕ ಹಾದು, ಒಂದು ಇಳಿಜಾರು ಹಿಡಿದು, ಎಲ್ಲಿಗೋ ಬಂದು, ಮತ್ತೆ ಏರಿ, ಮತ್ತೆ ಅದೇ ಸೋಫಾ ಅಂಗಡಿಗೆ ಬರುತ್ತಿದ್ದರು. ಗೊತ್ತಪ್ಪನವರು ಮೂರನೆಯ ಸಲ ಮುಂದಾಳಾಗಿ ಪ್ರವೇಶಿಸಿದಾಗ ಅಂಗಡಿಯ ಹುಡುಗ ಎದ್ದು ನಿಂತು ಮನೆಯವರ ಯೋಗಕ್ಷೇಮ ವಿಚಾರಿಸಿದ.

“ಈ ಸೋಫಾ ಆಗಲೇ ನೋಡಿದ ಹಾಗಿದೆಯಲ್ಲ,” ಎಂದರು ಮಾಸ್ತರರು.

“ಅದು ಬೇರೆ ಸರ್. ಎಲ್ಲಾ ಶಾಖೆಯಲ್ಲೂ ಒಂದೇ ಥರ ಇಟ್ಟಿರ್ತಾರೆ.”

“ಆ ಹುಡುಗನನ್ನೂ?”

“ಅವನನ್ನೂ.”

ಮಾಸ್ತರರ ಪತ್ನಿ ಸೋಫಾದ ದಿಂಬನ್ನು ಒತ್ತಿ ನೋಡುತ್ತ ಮುಖ ಆ ಕಡೆ ತಿರುಗಿಸಿಕೊಂಡರು.

ದಾರಿ ತಪ್ಪಿದೆಯೆಂದು ಗೊತ್ತಪ್ಪನವರಿಗೆ ಗೊತ್ತಾಯಿತು. ಯಾರನ್ನಾದರೂ ಕೇಳಬೇಕು, ಮಾಸ್ತರರ ಎದುರಿಗೆ ಕೇಳಬಾರದು. ಹೀಗೆ ಯೋಚಿಸುತ್ತ ಮೂರನೆಯ ಮಹಡಿಯಲ್ಲಿ ನಿಂತಾಗ ಎದುರಿಗೆ ಒಂದು ಉದ್ದನೆಯ ಬಣ್ಣದ ಹಲಗೆಯ ಗೋಡೆ ಕಂಡಿತು. ಅದರ ಮೇಲೆ ಚೀಲಗಳನ್ನು ಹಿಡಿದು ನಗುವ ಒಬ್ಬ ಹೆಂಗಸಿನ ಚಿತ್ರ. ಪಕ್ಕದಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಒಂದೇ ಪದ: ‘ಶೀಘ್ರದಲ್ಲಿ’.

ಅಂಗಡಿಗಳಿಗೆ ದೇವರ ಹೆಸರು, ಮಕ್ಕಳ ಹೆಸರು ಇಡುತ್ತಿದ್ದ ಕಾಲ ಹೋಯಿತು. ಈಗ ಕ್ರಿಯಾವಿಶೇಷಣಗಳೂ ವ್ಯಾಪಾರಕ್ಕೆ ಕೂತಿದ್ದರೆ ಅದರಲ್ಲಿ ಗೊತ್ತಪ್ಪನವರ ತಪ್ಪಿಲ್ಲ.

“ಇದು ನೋಡಿ ಸರ್, ಶೀಘ್ರದಲ್ಲಿ. ಇಲ್ಲಿರೋ ಅಂಗಡಿಗಳಲ್ಲೆಲ್ಲಾ ದೊಡ್ಡದು. ಪ್ರತಿ ಮಹಡಿಯಲ್ಲೂ ಇದೆ.”

ಮಾಸ್ತರರು ತಮ್ಮ ಸೇವಾವಧಿಯುದ್ದಕ್ಕೂ ಆ ಪದವನ್ನು ಮೈಕಿನಲ್ಲಿ ಹೇಳಿದವರು. ಆದರೂ ತಲೆಯಾಡಿಸಿದರು. “ಹೌದು. ನಮ್ಮ ಕಡೆಯೂ ಇದರದೊಂದು ಶಾಖೆ ಇದೆ.”

“ನಾನು ನೋಡೇ ಇಲ್ಲವಲ್ರೀ,” ಎಂದರು ಅವರ ಪತ್ನಿ.

“ನೀನು ಎಲ್ಲಾ ನೋಡಿರ್ತೀಯಾ?”

“ಹಾಗಾದ್ರೆ ನೀವು ಒಳಗೆ ನೋಡ್ತಾ ಇರಿ ಸರ್,” ಎಂದರು ಗೊತ್ತಪ್ಪನವರು ಹಗುರಾಗಿ. “ನಾವಿಬ್ಬರೂ ಹೋಗಿ ದೋಣಿ ವಿಹಾರಕ್ಕೆ ಚೀಟಿ ತರ್ತೀವಿ. ಐದೇ—” ಎಂದವರು ನಾಲಿಗೆ ಕಚ್ಚಿಕೊಂಡು, “ಈಗ ಬಂದ್ವಿ,” ಎಂದು ತಿದ್ದಿದರು.

ಹಲಗೆಯ ಗೋಡೆಯಲ್ಲಿ ಕೆಲಸಗಾರರು ಓಡಾಡುವ ಸಣ್ಣ ಬಾಗಿಲೊಂದಿತ್ತು. ಅವರು ಅಂದು ರಜೆಯಲ್ಲಿದ್ದರು. ಬಾಗಿಲು ಮಾತ್ರ ತೆರೆದಿತ್ತು. ಮಾಸ್ತರರು ಬಗ್ಗಿ ಒಳಹೊಕ್ಕರು. ಅವರ ಪತ್ನಿ ಹಿಂಬಾಲಿಸಿದರು. ಸ್ವಲ್ಪ ಹೊತ್ತಿಗೆ ಆ ಮಹಡಿಯ ಕಾವಲುಗಾರ ಬಂದ. ಬಾಗಿಲು ತೆರೆದಿರುವುದು ಕಂಡ. ಕರ್ತವ್ಯನಿಷ್ಠನಾಗಿ ಅದನ್ನೆಳೆದು, ಬೀಗ ಜಡಿದು, ಊಟಕ್ಕೆ ಹೋದ. ಒಳಗಿನಿಂದ ಬಂದ ಬಡಿತ ಸಮುದ್ರದ ಮೊರೆತದಲ್ಲಿ ಸೇರಿಹೋಯಿತು.

ಸೋಫಾ ಅಂಗಡಿಯನ್ನು ಇನ್ನೂ ಹಲವು ಸಲ ದರ್ಶಿಸಿ ಗೊತ್ತಪ್ಪ ದಂಪತಿಗಳು ಮರಳಿದಾಗ ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಹಲಗೆಯ ಮೇಲಿನ ಹೆಂಗಸು ನಗುತ್ತಲೇ ಇದ್ದಳು. ಮಾಸ್ತರರಿಗೆ ಫೋನ್ ಮಾಡಿದರೆ, ಒಂದು ಮಾರು ದೂರದಲ್ಲಿದ್ದ ಅವರು ವ್ಯಾಪ್ತಿ ಪ್ರದೇಶದ ಹೊರಗಿರುವರೆಂದು ಉತ್ತರ ಬಂತು.

“ರೀ, ತಡ ಆಯ್ತು ಅಂತ ಕೋಪ ಮಾಡ್ಕೊಂಡು ಹೊರಟೇಬಿಟ್ರಾ?” ಮಡದಿ ಗಂಡನ ತೋಳು ಜಗ್ಗಿದರು. “ಮಗಳಿಗೆ ಏನಂತ ಹೇಳೋದು?”

ಗೊತ್ತಪ್ಪನವರು ಅವರನ್ನು ಕರೆದುಕೊಂಡು ಮುಂದೆ ನಡೆದರು. ಒಬ್ಬ ಕಸಗುಡಿಸುವವಳು ದಾರಿ ತೋರಿದ್ದರಿಂದ ‘ಕಳೆದದ್ದು–ಸಿಕ್ಕಿದ್ದು’ ಎಂಬ ಫಲಕದ ಮುಂದೆ ತಲುಪಿದರು. ಗಾಜಿನ ಹಿಂದೆ, ಕಿವಿಗೆ ಮೈಕು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು.

“ಏನು ಕಳೆದಿದೆ ಸರ್?”

“ನಮ್ಮ ಬೀಗ—” ಎಂದರು ಗೊತ್ತಪ್ಪನವರು. ಅಕ್ಕ ನೆನಪಾದರು. ಉಳಿದ ಒಂದಕ್ಷರವನ್ನು ನುಂಗಿಕೊಂಡರು.

“ಬೀಗ,” ಎಂದು ಹುಡುಗಿ ಟೈಪ್ ಮಾಡಿದಳು. “ಎಲ್ಲಿ?”

“ಮೂರನೇ ಮಹಡಿ. ಅಲ್ಲೇ ಬಿಟ್ಟು ಹೋಗಿದ್ದೆ.”

“ಬಣ್ಣ?”

“ಬೂದು.”

“ಆಕಾರ?”

“ಗಿಡ್ಡ. ದಪ್ಪ. ಮೇಲುಗಡೆ ನುಣುಪು.”

“ಎಷ್ಟು ಹಳೇದು?”

ಈಗಿನ ಮಕ್ಕಳು ವಯಸ್ಸನ್ನು ಹೀಗೇ ಕೇಳುತ್ತಾರೇನೋ ಎಂದುಕೊಂಡು ಗೊತ್ತಪ್ಪನವರು, “ಅರವತ್ತೆರಡು,” ಎಂದರು.

“ಅರವತ್ತೆರಡನೇ ಇಸವಿದು. ಕಂಪನಿ?”

“ರೈಲ್ವೆ.”

“ಓ, ರೈಲ್ವೆದಾ. ಹಾಗಾದ್ರೆ ಗಟ್ಟಿ ಇರುತ್ತೆ.”

“ಗಟ್ಟಿನೇ. ಒಂದ್ಸಲ ಮುಚ್ಕೊಂಡ್ರೆ ಬಾಯಿ ಬಿಡಿಸೋದು ಕಷ್ಟ.”

“ಕೀ ಇದೆಯಾ?”

“ಕೀ ಎಲ್ಲಾ ಹೆಂಡತಿ ಕೈಲಿ.”

ಹುಡುಗಿ ಮಡದಿಯ ಕಡೆ ನೋಡಿ ತಲೆಯಾಡಿಸಿದಳು. ಏನೋ ಅಲುಗಿದಂತೆ ಕಂಡದ್ದರಿಂದ ಮಡದಿಯೂ ತಲೆಯಾಡಿಸಿದರು.

“ಹೊಸದಾಗಿ ತಂದದ್ದಾ ಸರ್?”

“ಇನ್ನೂ ಪಕ್ಕಾ ಆಗಿಲ್ಲಮ್ಮ, ಅದೇ ಹೆದರಿಕೆ. ಇದನ್ನ ಕಳ್ಕೊಂಡ್ರೆ ನನ್ನ ಮಗಳ ಬಾಳು ಏನಾಗುತ್ತೋ.” ಗೊತ್ತಪ್ಪನವರ ಕಣ್ಣಂಚು ಒದ್ದೆಯಾಗಿತ್ತು.

ಒಂದು ಬೀಗಕ್ಕಾಗಿ ಇಷ್ಟು ನೊಂದ ಮನುಷ್ಯನನ್ನು ಹುಡುಗಿ ಕಂಡಿರಲಿಲ್ಲ. ಅವಳೂ ಕರಗಿ ಮೈಕು ಒತ್ತಿದಳು.

“ಗ್ರಾಹಕರ ಗಮನಕ್ಕೆ. ಮೂರನೇ ಮಹಡಿಯಲ್ಲಿ ರೈಲ್ವೆಗೆ ಸೇರಿದ ಒಂದು ಹಳೆಯ ಬೀಗ ಕಳೆದುಹೋಗಿದೆ. ಅರವತ್ತೆರಡರದು. ಗಿಡ್ಡ, ದಪ್ಪ, ಬೂದು ಬಣ್ಣ, ಮೇಲ್ಭಾಗ ನುಣುಪು. ಒಮ್ಮೆ ಮುಚ್ಚಿದರೆ ಬಾಯಿ ಬಿಡುವುದಿಲ್ಲ. ಕೀ ಹೆಂಡತಿಯ ಬಳಿ ಇದೆ. ಸಿಕ್ಕವರು ದಯವಿಟ್ಟು ಎತ್ತಿಕೊಂಡು ತನ್ನಿ.”

ಸಮುದ್ರ, ಆಕಾಶ, ಬಿದ್ದಿರದ ಹಿಮ, ಎಲ್ಲದರ ಮೇಲೂ ಈ ವಾಣಿ ಮೊಳಗಿತು. ಜನ ಕಳೆದದ್ದನ್ನು ಹುಡುಕಲು ಸದಾ ಸಿದ್ಧರು. ತಮ್ಮದಲ್ಲದಿದ್ದರೆ ಇನ್ನೂ ಸಿದ್ಧರು. ಒಬ್ಬರು ಪೆಟ್ಟಿಗೆಯ ಬೀಗ ತಂದರು. ಒಬ್ಬರು ಸೈಕಲ್ ಬೀಗ ತಂದು, ಇದು ದಪ್ಪವಿಲ್ಲ, ಆದರೆ ಬೂದು ಬಣ್ಣದ್ದು ಎಂದು ವಾದಿಸಿದರು. ಕಬ್ಬಿಣದ ಸಾಮಾನಿನ ಅಂಗಡಿಯವನು ಒಂದು ತಟ್ಟೆ ತುಂಬ ಬೀಗ ಹೊತ್ತು ತಂದು, “ಹಳೇದು ಹೋದ್ರೆ ಹೋಗಲಿ ಬಿಡಿ ಸರ್, ಅದಕ್ಕಿಂತ ಒಳ್ಳೇದು ಕೊಡ್ತೀನಿ,” ಎಂದ.

“ಹಾಗೆಲ್ಲಾ ಬದಲಾಯಿಸೋಕಾಗಲ್ಲಪ್ಪ. ಹುಡುಗ ಹುಡುಗಿ ಒಪ್ಪಿದ್ದಾರೆ,” ಎಂದರು ಗೊತ್ತಪ್ಪನವರು. ಅಂಗಡಿಯವನು ತಟ್ಟೆಯನ್ನೊಮ್ಮೆ, ಅವರನ್ನೊಮ್ಮೆ ನೋಡಿದ.

ಟೈ ಕಟ್ಟಿದ ಮ್ಯಾನೇಜರು ಧಾವಿಸಿ ಬಂದರು. “ಸರ್, ನಮ್ಮಲ್ಲಿ ಇದುವರೆಗೆ ಜನ ಕಳೆದಿದ್ದಾರೆ, ವಸ್ತು ಕಳೆದಿಲ್ಲ.”

“ನಮ್ಮದೂ ಜನವೇ.”

“ಬೀಗ ಅಂದ್ರಂತೆ?”

“ಬೀಗ— ಅಂದೆ. ಉಳಿದದ್ದು ನುಂಗಿದೆ.”

ಮ್ಯಾನೇಜರ ಮುಖ ಬಿಳಿಚಿತು. “ನುಂಗಿದ್ರಾ?”

“ಅಕ್ಕ ನುಂಗು ಅಂದಿದ್ಲು.”

“ಮೇಡಂ, ಡಾಕ್ಟರಿಗೆ ಫೋನ್ ಮಾಡಿ. ಇವರು ಬೀಗ ನುಂಗಿದ್ದಾರೆ,” ಎಂದು ಗಾಜಿನ ಹಿಂದಿನ ಹುಡುಗಿಗೆ ಕೂಗಿದರು.

ಮುಂದಿನದೆಲ್ಲ ಬಹಳ ವೇಗವಾಗಿ, ಅಂದರೆ ಆ ಮಾಲಿನಲ್ಲಿ ಬೇರೆ ಯಾವುದೂ ನಡೆಯದ ವೇಗದಲ್ಲಿ, ನಡೆಯಿತು. ಗಾಲಿಕುರ್ಚಿ ಬಂತು. ಗೊತ್ತಪ್ಪನವರನ್ನು ಅದರಲ್ಲಿ ಕೂರಿಸಿ ಸೊಂಟಕ್ಕೆ ಪಟ್ಟಿ ಬಿಗಿದರು. ಅವರು ಬಾಯಿ ತೆರೆದಾಗಲೆಲ್ಲ “ಮಾತಾಡಬೇಡಿ ಸರ್, ಒಳಗೆ ಸರಿದುಬಿಡುತ್ತೆ” ಎಂದು ಮುಚ್ಚಿಸಿದರು. ಮಡದಿ ಮಾತ್ರ, “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವರು,” ಎಂದು ಹೇಳುತ್ತಲೇ ಇದ್ದರು. ಸುತ್ತ ಗುಂಪು ಕೂಡಿತು.

“ರೈಲ್ವೆ ಬೀಗವಂತೆ. ಇಷ್ಟು ದಪ್ಪ ಇರುತ್ತೆ.”

“ಅದು ಹೇಗೆ ಗಂಟಲಲ್ಲಿ ಇಳೀತೋ.”

“ಕೀ ಹೆಂಡತಿ ಹತ್ರಾನೇ ಇದೆಯಂತಲ್ಲ. ಸುಮ್ನೆ ನಿಂತಿದ್ದಾರೆ ನೋಡಿ ಆಯಮ್ಮ.”

ಇತ್ತ ಹಲಗೆಯ ಹಿಂದೆ, ಸಿಮೆಂಟು ಚೀಲಗಳ ನಡುವೆ, ಮಾಸ್ತರರು ಪ್ರಕಟಣೆಯನ್ನು ವೃತ್ತಿಪರ ಗಮನದಿಂದ ಆಲಿಸಿದ್ದರು. “ಉಚ್ಚಾರಣೆ ಪರವಾಗಿಲ್ಲ,” ಎಂದರು. ಗಿಡ್ಡ, ದಪ್ಪ, ಬೂದು, ನುಣುಪು ಎಂಬ ಪದಗಳು ಒಂದೊಂದಾಗಿ ಬರುತ್ತಿದ್ದಂತೆ ಅವರ ಪತ್ನಿ ಗಂಡನನ್ನು ಮೇಲಿಂದ ಕೆಳಗೆ ನೋಡಿದ್ದರು. ಬಾಯಿ ಬಿಡುವುದಿಲ್ಲ ಎಂಬಲ್ಲಿಗೆ ಸೆರಗು ಬಾಯಿಗೆ ಹೋಯಿತು. ಕೀ ಹೆಂಡತಿಯ ಬಳಿ ಇದೆ ಎಂದದ್ದೇ ಒಂದು ಚೀಲದ ಮೇಲೆ ಕುಸಿದು ಕೂತು ನಗತೊಡಗಿದರು.

“ಏನಾಯ್ತೇ?”

“ನಿಮ್ಮನ್ನೇ ಕಣ್ರೀ ಹೇಳಿದ್ದು.”

“ಬೀಗ ಅಂದ್ರು.”

“ಅದಕ್ಕೇ ಅಂದೆ.”

ಆ ನಗು ಬಹಳ ಕಾಲದಿಂದ ಕೂಡಿಟ್ಟದ್ದು, ಬೇಗ ಮುಗಿಯುವಂತಿರಲಿಲ್ಲ. ಬಡಿತಕ್ಕೆ ಬಗ್ಗದ ಸಮುದ್ರ ಅದಕ್ಕೆ ಬಗ್ಗಿತು. ಊಟ ಮುಗಿಸಿ ಬಂದ ಕಾವಲುಗಾರ ಹಲಗೆಯ ಮೇಲಿನ ಹೆಂಗಸೇ ನಗುತ್ತಿದ್ದಾಳೆಂದು ಮೊದಲು ಹೆದರಿದ. ಆಮೇಲೆ ಬೀಗ ತೆಗೆದ.

ಸಿಮೆಂಟು ಬಳಿದ ಮೂರ್ತಿಯಂತಿದ್ದ ಮಾಸ್ತರರು ಕೆಳಗಿಳಿದು ಬಂದಾಗ ಗೊತ್ತಪ್ಪನವರನ್ನು ವೈದ್ಯರ ಕೋಣೆಯತ್ತ ತಳ್ಳುತ್ತಿದ್ದರು. ಗುಂಪು ದಾರಿ ಬಿಟ್ಟಿತು. ಮಾಸ್ತರರು ಗಾಲಿಕುರ್ಚಿಗೆ ಅಡ್ಡ ನಿಂತರು.

“ನಮ್ಮನ್ನ ಎಲ್ಲಿಗೆ ಕಳಿಸಿದ್ರಿ ನೀವು?”

ಗೊತ್ತಪ್ಪನವರು ಸುತ್ತ ನೋಡಿದರು. ಮ್ಯಾನೇಜರು, ಕಬ್ಬಿಣದಂಗಡಿಯವನು, ಎಲ್ಲಿಂದಲೋ ಬಂದು ನಿಂತಿದ್ದ ಸೋಫಾ ಅಂಗಡಿಯ ಹುಡುಗ. ತೋಳು ಹಿಡಿದ ಮಡದಿಯ ಕೈ ತಣ್ಣಗಿತ್ತು.

“ಗೊತ್ತಿಲ್ಲ ಸರ್,” ಎಂದರು. “ನಾನು ಇಲ್ಲಿಗೆ ಬಂದದ್ದು ಇವತ್ತೇ ಮೊದಲು. ಆ ಅಂಗಡಿ ಏನು ಅಂತ ನನಗೆ ಗೊತ್ತಿಲ್ಲ. ನನ್ನ ಬುದ್ಧಿಗೆ ಮಗಳನ್ನ ಅಳೀಬೇಡಿ. ಅವಳು ಅವರಮ್ಮನ ಥರ.”

ಮಾಸ್ತರರು ತೀರ್ಪು ಕೊಡಲು ಎದೆಯುಬ್ಬಿಸಿ ಉಸಿರೆಳೆದರು.

“ಮೊದಲು ನಮ್ಮ ಕಡೆ ಇರೋ ಶಾಖೆ ವಿಷಯ ಹೇಳಿಬಿಡಿ,” ಎಂದರು ಅವರ ಪತ್ನಿ, ಕಣ್ಣೊರೆಸಿಕೊಳ್ಳುತ್ತ.

ಎಳೆದ ಉಸಿರು ಬಹಳ ಹೊತ್ತು ಒಳಗೇ ಉಳಿಯಿತು. ಮೇಲೆ ಇನ್ನೊಂದು ಸಂಜೆಯಾಗುತ್ತಿತ್ತು. ಮಾಸ್ತರರು ಗಡಿಯಾರ ನೋಡಿಕೊಳ್ಳಲಿಲ್ಲ. ಕೊನೆಗೆ ಗಾಲಿಕುರ್ಚಿಯ ಪಕ್ಕದ ಬೆಂಚಿನ ಮೇಲೆ ಕೂತು, ಗೊತ್ತಪ್ಪನವರಿಗೆ ಮಾತ್ರ ಕೇಳುವಂತೆ ಹೇಳಿದರು.

“ಎಷ್ಟೋ ಸಲ ರೈಲು ಎಲ್ಲಿದೆ ಅಂತ ನನಗೇ ಗೊತ್ತಿರ್ತಿರಲಿಲ್ಲ. ಪ್ಲಾಟ್‌ಫಾರ್ಮ್ ತುಂಬ ಜನ ನನ್ನ ಮುಖಾನೇ ನೋಡೋರು. ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ತಿರಲಿಲ್ಲ. ಶೀಘ್ರದಲ್ಲಿ ಅಂತಿದ್ದೆ.”

“ಮತ್ತೆ ರೈಲು?”

“ಬರೋದು. ಯಾವಾಗಲಾದ್ರೂ ಬರೋದು.”

ಮಾಸ್ತರರು ಕೋಟಿನ ಸಿಮೆಂಟು ಕೊಡವಿಕೊಂಡು ಎದ್ದರು.

“ಹುಡುಗಿಯನ್ನ ನಾವು ಮೊದಲೇ ಒಪ್ಪಿದ್ವಿ,” ಎಂದರು ಮಾಸ್ತರರು ಗಟ್ಟಿಯಾಗಿ, ಈಗ ಎಲ್ಲರಿಗೂ ಕೇಳುವಂತೆ. “ಉಳಿದದ್ದನ್ನೂ ಒಪ್ಪಿದ ಹಾಗೆ. ಮೊದಲು ಇವರ ಪಟ್ಟಿ ಬಿಚ್ಚಿ.”

ಗುಂಪಿನಲ್ಲಿ ಯಾರೋ, ಬೀಗ ಕರಗಿಹೋಯಿತೇ ಎಂದು ಕೇಳುತ್ತಿದ್ದರು. ಗಾಜಿನ ಹಿಂದಿನ ಹುಡುಗಿ ಎದ್ದು ನಿಂತು ಕತ್ತು ಚಾಚಿದಳು. “ಸರ್, ನಿಮ್ಮದು ಸಿಕ್ಕಿತಾ?”

“ಸಿಕ್ಕಿದರಮ್ಮ,” ಎಂದರು ಗೊತ್ತಪ್ಪನವರು. ಒಂದಕ್ಷರವನ್ನೂ ನುಂಗದೆ, “ನಮ್ಮ ಬೀಗರು,” ಎಂದರು.

ಮಡದಿಗೆ ಸಂಖ್ಯೆಗಳು ಕಾಣದ ಕಾರಣ ಮಾಸ್ತರರ ಪತ್ನಿಯೇ ಫೋನ್ ಒತ್ತಿ ಕೈಗೆ ಕೊಟ್ಟರು. ಮೊದಲ ರಿಂಗಿಗೇ ಮಗಳು ಎತ್ತಿದಳು.

“ಒಪ್ಪಿದ್ರು ಕಣೇ.”

ಆ ಕಡೆಯಿಂದ ಮೂಗೆಳೆದುಕೊಂಡ ಸಪ್ಪಳ. “ಅಪ್ಪ ಏನೂ ಮಾಡ್ಲಿಲ್ವಾ?”

“ಬಂದು ಹೇಳ್ತೀನಿ.”

“ಬೇಗ ಬನ್ನಿ ಹಾಗಾದ್ರೆ. ಈಗ ಎಲ್ಲಿದ್ದೀರಿ?”

ಮಡದಿ ಕಣ್ಣು ಕಿರಿದು ಮಾಡಿ ನೋಡಿದರು. ಸ್ವಲ್ಪ ದೂರದಲ್ಲಿ ಒಂದು ಗಿಡ್ಡ ಬೂದು ಆಕಾರವೂ ಒಂದು ಎತ್ತರದ ಆಕಾರವೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು. ಹೊರಗೆ ಹೋಗುವ ದಾರಿಗೆಂದು ಒಂದು ಎಡಕ್ಕೆ ಕೈ ತೋರಿಸುತ್ತಿತ್ತು, ಇನ್ನೊಂದು ಬಲಕ್ಕೆ.

“ಅದನ್ನ ಇಬ್ಬರೂ ಸೇರಿ ಹೇಳ್ತಿದ್ದಾರೆ,” ಎಂದರು ಮಡದಿ. “ನೀನು ಊಟ ಮಾಡಿಬಿಡು.”